ಹಣೆ ಎಂತ ಬಣ್ಣ?

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಕುವೈತಿನ ಅಬು ಹಲೀಫಾದ ಬೀದಿಯಲ್ಲಿ ರೊಟ್ಟಿ ತರಲು ಹೊರಟವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಇಲ್ಲಿ ಅದು ವಾರದ ರಜೆ. ಪಶ್ಚಿಮದ ಫಹಾಹೀಲ್ ಎಕ್ಸ್‌ಪ್ರೆಸ್ ರಸ್ತೆಯ ಸದ್ದು ಇನ್ನೂ ಏರಿರುವುದಿಲ್ಲ, ಪೂರ್ವಕ್ಕೆ ಕೊಲ್ಲಿಯ ನೀರು ಸುಮ್ಮನೆ ಮಲಗಿರುತ್ತದೆ. ಕಟ್ಟಡಗಳ ಸಾಲು ಮುಗಿದು ಕಡಲು ಶುರುವಾಗುವ ಮುಂಚೆ ಒಂದಿಷ್ಟು ಹುಲ್ಲು, ಖರ್ಜೂರದ ಮರಗಳು, ಒಂದು ನಡಿಗೆದಾರಿ. ನಾಲ್ಕು ವರ್ಷಗಳಿಂದ ಅಕ್ಟೋಬರಿನಿಂದ ಮೇ ಮೊದಲ ವಾರದವರೆಗೆ ನಾನು ಪ್ರತಿ ಶುಕ್ರವಾರ ನಡೆಯುವುದು ಇಲ್ಲೇ. ಕೈಯಲ್ಲಿ ಒಂದು ಹಳೆಯ ದುರ್ಬೀನು, ಒಂದು ನೂರು ಪುಟದ ನೋಟ್‌ಬುಕ್. ಹಕ್ಕಿ ತೋರಿಸುವವರು ಯಾರೂ ಜೊತೆಗಿಲ್ಲ.

ಗೈಡ್ ಇಲ್ಲದ ಇಂಥ ನಡಿಗೆಯನ್ನು ಹೊಗಳುವವರು ಈಗ ಬಹಳ. ಕಾಡಿಗೆ ಹೋಗಬೇಕಾಗಿಲ್ಲ, ದುಡ್ಡು ಬೇಕಾಗಿಲ್ಲ, ಮನೆ ಹತ್ತಿರದ ಪಾರ್ಕಿನಲ್ಲೇ ಹಕ್ಕಿ ನೋಡಬಹುದು, ಮನಸ್ಸಿಗೆ ನೆಮ್ಮದಿ ಎನ್ನುತ್ತಾರೆ. ಇದೆಲ್ಲ ನಿಜವೇ. ಆದರೆ ನೆಮ್ಮದಿ ಸಿಕ್ಕಿತು ಎಂದ ಮಾತ್ರಕ್ಕೆ ಹಕ್ಕಿಯನ್ನು ಕಂಡಂತಾಯಿತೇ? ಈ ಅಭ್ಯಾಸವನ್ನು ಇಷ್ಟಪಡುವವಳಾಗಿಯೇ ಇದರಲ್ಲಿ ಗಟ್ಟಿ ಎಷ್ಟು, ಟೊಳ್ಳು ಎಷ್ಟು ಎಂದು ತೂಗಿ ನೋಡಬೇಕು ಅನ್ನಿಸಿದೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ಮೊದಲ ಚಳಿಗಾಲದಲ್ಲಿ ಹುಲ್ಲಿನ ಮೇಲೆ ಬಾಲ ಕುಣಿಸುತ್ತ ಓಡುವ ಕಪ್ಪು ಬಿಳುಪಿನ ಸಿಪಿಲೆಯೊಂದನ್ನು ಕಂಡೆ. ಕುಂದಾಪುರದ ನಮ್ಮ ಮನೆಯ ಬಾವಿಕಟ್ಟೆಯ ಮೇಲೆ ಇಡೀ ಬಾಲ್ಯ ನೋಡಿದ ಹಕ್ಕಿ. ಸಂತೋಷ ಉಕ್ಕಿತು. 'ಬಿಳಿಹುಬ್ಬಿನ ಸಿಪಿಲೆ' ಎಂದು ಬರೆದುಕೊಂಡೆ. ಮುಂದಿನ ವಾರವೂ ಬರೆದೆ, ಮಾರ್ಚ್‌ವರೆಗೂ ಬರೆದೆ. ಊರಿಗೆ ಹೋದಾಗ ನೋಟ್‌ಬುಕ್ಕನ್ನು ಸೋದರಮಾವನ ಕೈಗಿಟ್ಟೆ. ಮಾವ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿದ್ದು, ಪ್ರತಿ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಹಕ್ಕಿ ವೀಕ್ಷಕರ ಜೊತೆ ನಡೆಯುವವರು. ನಾಲ್ಕು ಪುಟ ತಿರುವಿ ಕೇಳಿದರು: "ಹಣೆ ಎಂತ ಬಣ್ಣ ಇತ್ತ್ ಮಗಾ?"

ನನಗೆ ಗೊತ್ತಿರಲಿಲ್ಲ. ಐದು ತಿಂಗಳು ನೋಡಿದ ಹಕ್ಕಿಯ ಹಣೆಯ ಬಣ್ಣ ನನಗೆ ಗೊತ್ತಿರಲಿಲ್ಲ.

ಬಿಳಿಹುಬ್ಬಿನ ಸಿಪಿಲೆ ಭಾರತ ಮತ್ತು ಸುತ್ತಲಿನ ದೇಶಗಳನ್ನು ಬಿಟ್ಟು ಹೋಗುವ ಹಕ್ಕಿಯಲ್ಲ. ಅದರ ತಲೆ, ಬೆನ್ನು ಕಪ್ಪು, ಕಣ್ಣಿನ ಮೇಲೆ ಮಾತ್ರ ಸುಣ್ಣ ಬಳಿದಂತೆ ದಪ್ಪ ಬಿಳಿ ಹುಬ್ಬು. ಚಳಿಗಾಲದಲ್ಲಿ ಕುವೈತಿಗೆ ಬರುವುದು ಬಿಳಿ ಸಿಪಿಲೆ. ಇದರ ಹಣೆ, ಮುಖ ಬಿಳಿ, ಬೆನ್ನು ಬೂದಿ, ಎದೆಯ ಮೇಲೊಂದು ಕಪ್ಪು ಪಟ್ಟಿ. ಮಬ್ಬು ಬೆಳಕಿನಲ್ಲೂ ಗುರುತು ಹಿಡಿಯಬಹುದಾದ ವ್ಯತ್ಯಾಸ. ನಾನು ನೋಡಿದ್ದು ಹಕ್ಕಿಯನ್ನಲ್ಲ, ನಮ್ಮ ಬಾವಿಕಟ್ಟೆಯನ್ನು. ಜೊತೆಯಲ್ಲಿ ಯಾರೂ ಇಲ್ಲದ್ದರಿಂದ ಆ ನೆನಪು ಐದು ತಿಂಗಳು ತಡೆಯಿಲ್ಲದೆ ಹಕ್ಕಿಯಾಗಿಯೇ ಉಳಿಯಿತು.

ಒಂಟಿ ನಡಿಗೆಯ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಅದು ನೋಡುವುದನ್ನು ಕಲಿಸುತ್ತದೆ, ತಪ್ಪನ್ನು ತೋರಿಸುವುದಿಲ್ಲ. 'ಅಲ್ಲ' ಎನ್ನುವ ಒಬ್ಬರಾದರೂ ಎಲ್ಲೋ ಇರಬೇಕು.

ಪಕ್ಷಿತಜ್ಞ ಸಲೀಂ ಅಲಿಯವರ ಬದುಕಿನ ಆರಂಭವನ್ನೇ ನೋಡಿ. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕೊರಳಲ್ಲಿ ಒಂದು ಹಳದಿ ಮಚ್ಚೆ ಇರುವುದನ್ನು ಅವರು ಗಮನಿಸಿದರು. ಯಾರೂ ತೋರಿಸಿಕೊಟ್ಟದ್ದಲ್ಲ, ಅವರದೇ ಕಣ್ಣು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಹಕ್ಕಿಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದರು. ಕಾರ್ಯದರ್ಶಿ ಮಿಲ್ಲರ್ಡ್ ಅವರು ಅದು ಯಾವ ಗುಬ್ಬಿ ಎಂದು ಹೇಳಿ, ಪೆಟ್ಟಿಗೆಗಳನ್ನು ಎಳೆದು ಬೇರೆ ಹಕ್ಕಿಗಳ ಮಾದರಿಗಳನ್ನು ತೋರಿಸಿದರು. ಮಚ್ಚೆಯನ್ನು ಕಂಡದ್ದು ಹುಡುಗ, ಹೆಸರು ಹೇಳಿದ್ದು ಹಿರಿಯರು. ಈ ಎರಡರ ಕ್ರಮ ಬಹಳ ಮುಖ್ಯ. ಮೊದಲೇ ಹೆಸರು ಸಿಕ್ಕಿದ್ದರೆ ಮಚ್ಚೆ ಕಾಣುತ್ತಿತ್ತೇ ಎಂಬ ಸಂದೇಹ ನನಗಿದೆ.

ಆ ಸಂದೇಹ ನನಗೆ ಹುಟ್ಟಿದ್ದು ಮಗಳಿಂದ. ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಸೌಲಭ್ಯ 2021ರಲ್ಲಿ ಮರ್ಲಿನ್ ಆ್ಯಪಿಗೆ ಬಂತು. ಅದೊಂದು ಅದ್ಭುತ ಸಾಧನವೆಂಬುದರಲ್ಲಿ ಎರಡು ಮಾತಿಲ್ಲ. ಎಂಟು ವರ್ಷದ ಮಗಳು ನನ್ನ ಫೋನನ್ನು ಖರ್ಜೂರದ ಮರಕ್ಕೆ ಹಿಡಿದಳು. ಎರಡು ಸೆಕೆಂಡಿಗೆ ಪರದೆಯ ಮೇಲೆ ಚಿತ್ರ ಸಮೇತ ಬುಲ್‌ಬುಲ್, ಅಂದರೆ ಪಿಕಳಾರದ ಇಂಗ್ಲಿಷ್ ಹೆಸರು ಮೂಡಿತು. "ಸಿಕ್ಕಿತಲ್ಲ ಅಮ್ಮ, ಮುಂದೆ ಹೋಗುವ" ಎಂದಳು. ತಲೆ ಎತ್ತಿ ಮರವನ್ನು ನೋಡಲೇ ಇಲ್ಲ. ಅವಳ ತಪ್ಪೇನೂ ಇಲ್ಲ. ಹುಡುಕಾಟ ಹೆಸರಿಗಾಗಿಯೇ ಎಂದಾದರೆ ಅದು ಮುಗಿದಿತ್ತು.

ಮುಂದಿನ ಸಲ ಫೋನನ್ನು ಮನೆಯಲ್ಲೇ ಬಿಟ್ಟೆವು. ಹನಿ ನೀರಾವರಿಯ ಕರಿ ಕೊಳವೆ ಒಂದು ಕಡೆ ಸಣ್ಣಗೆ ಸೋರಿ, ಮರಳಿನಲ್ಲಿ ಬಟ್ಟಲಿನಷ್ಟು ಗುಂಡಿಯಾಗಿತ್ತು. ಅದರ ಎದುರು ಕುಳಿತೆವು. ಹತ್ತು ನಿಮಿಷಕ್ಕೆ ಎರಡು ಪಿಕಳಾರಗಳು ಇಳಿದವು. ಒಂದು ಕೊಳವೆಯ ಮೇಲೆ ಕಾವಲು ಕುಳಿತಿತು, ಇನ್ನೊಂದು ಕೊಕ್ಕು ಅದ್ದಿ, ತಲೆ ಮೇಲೆತ್ತಿ, ನೀರನ್ನು ಗಂಟಲಿಗೆ ಇಳಿಸಿಕೊಂಡಿತು. ಪಿಕಳಾರ ನೀರು ಕುಡಿಯುವಾಗ ಆಕಾಶ ನೋಡಲೇಬೇಕು ಎಂಬುದನ್ನು ಮಗಳು ಅಂದು ಕಂಡುಕೊಂಡಳು. ಆಮೇಲೆ ಒಂದೊಂದಾಗಿ ಹೇಳುತ್ತ ಹೋದಳು: ತಲೆ ಕಪ್ಪು, ನಮ್ಮೂರಿನ ಪಿಕಳಾರದ ಹಾಗೆ ಜುಟ್ಟಿಲ್ಲ, ಬಾಲದ ಬುಡ ಅರಿಸಿನ, ಕೆನ್ನೆ ಬೆಳ್ಳಗೆ. "ಪೌಡರ್ ಕೆನ್ನೆ" ಎಂದು ಹೆಸರಿಟ್ಟಳು. ಕರ್ನಾಟಕದಲ್ಲಿ ಈ ಹಕ್ಕಿ ಇಲ್ಲ, ಆದ್ದರಿಂದ ನಮ್ಮ ಜನರ ಬಾಯಲ್ಲಿ ಹೆಸರೂ ಇಲ್ಲ. ನಮ್ಮ ಮನೆಯಲ್ಲಿ ಈಗ ಅದು ಪೌಡರ್ ಕೆನ್ನೆಯೇ. ಮುಂದೆ ಯಾರಾದರೂ ಕೊಲ್ಲಿ ದೇಶಗಳ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರೆ ಈ ಹೆಸರನ್ನು ಪರಿಗಣಿಸಲಿ ಎಂಬ ಆಸೆ ನನಗೆ ನಿಜವಾಗಿಯೂ ಇದೆ. ಪೂರ್ಣಚಂದ್ರ ತೇಜಸ್ವಿಯವರು 'ಕನ್ನಡ ನಾಡಿನ ಹಕ್ಕಿಗಳು' ಬರೆದದ್ದರಿಂದ ಎಷ್ಟು ಹಕ್ಕಿಗಳು ನಮ್ಮ ಭಾಷೆಯೊಳಗೆ ಬಂದು ಕೂತವು! ನಾಡಿನ ಹೊರಗಿರುವ ಕನ್ನಡಿಗರಿಗೆ ಅಂಥದೊಂದು ಪುಸ್ತಕದ ಹಸಿವಿದೆ.

ನಗರದ ಪಾರ್ಕಿನಲ್ಲಿ ಏನು ಮಹಾ ಕಾಣುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ. ಕುವೈತಿನ ಒಟ್ಟು ವಿಸ್ತೀರ್ಣ ಸುಮಾರು 17,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ವರ್ಷದ ಮಳೆ ನೂರಿಪ್ಪತ್ತು ಮಿಲಿಮೀಟರಿನ ಆಸುಪಾಸು, ನಮ್ಮ ಉಡುಪಿಯಲ್ಲಿ ಒಂದು ಜೋರು ದಿನ ಸುರಿಯುವಷ್ಟು. ಆದರೂ ಇಲ್ಲಿ ದಾಖಲಾಗಿರುವ ಹಕ್ಕಿ ಪ್ರಭೇದಗಳು ನಾನೂರಕ್ಕೂ ಹೆಚ್ಚು. ಯುರೋಪ್, ಮಧ್ಯ ಏಷ್ಯಾಗಳಿಂದ ಆಫ್ರಿಕಕ್ಕೆ ಹೋಗಿಬರುವ ಹಾದಿಯಲ್ಲಿ ಈ ದೇಶ ಕುಳಿತಿರುವುದೇ ಇದಕ್ಕೆ ಕಾರಣ. ಮೇಲಿನಿಂದ ನೋಡುವ ಹಕ್ಕಿಗೆ ಮೈಲುಗಟ್ಟಲೆ ಮರಳಿನ ನಡುವೆ ಹಸಿರು ಕಂಡದ್ದೇ ಇಳಿಯುವ ಜಾಗ. ಆ ಹಸಿರು ಯಾರದೋ ಪಾರ್ಕು ಎಂಬುದು ಅದಕ್ಕೆ ಬೇಕಾಗಿಲ್ಲ.

ಸರಾಯತ್ ಎಂದು ಇಲ್ಲಿಯವರು ಕರೆಯುವ ವಸಂತದ ಗುಡುಗು ಗಾಳಿ ಏಪ್ರಿಲಿನಲ್ಲಿ ಒಂದು ರಾತ್ರಿ ಬಡಿದು ಹೋಗಿತ್ತು. ಬೆಳಿಗ್ಗೆ ಕಾರುಗಳ ಮೇಲೆಲ್ಲ ಗೋಧಿ ಹಿಟ್ಟಿನಂಥ ಧೂಳು. ಬೇಲಿಯ ಬುಡದಲ್ಲಿ, ನನ್ನಿಂದ ಒಂದು ಮಾರು ದೂರದಲ್ಲಿ, ತಿಳಿ ಹಸಿರು ಮಿಶ್ರಿತ ಕಂದಿನ ಉಲಿಯಕ್ಕಿಯೊಂದು ನೆಲದ ಮೇಲೇ ಕುಪ್ಪಳಿಸುತ್ತಿತ್ತು. ಎಲೆಗಳ ನಡುವೆ ಕ್ಷಣ ನಿಲ್ಲದೆ ಹರಿದಾಡುವ ಜಾತಿ, ನೆಲಕ್ಕೆ ಇಳಿಯಿತೆಂದರೆ ಅಷ್ಟು ದಣಿದಿತ್ತು. ಒಂದು ಎಲೆಯ ಅಡಿಯಿಂದ ಏನೋ ಸಣ್ಣದನ್ನು ಹೆಕ್ಕಿತು, ರೆಕ್ಕೆ ಸಡಿಲ ಬಿಟ್ಟು ಕಣ್ಣು ಮುಚ್ಚಿತು, ಮತ್ತೆ ಹೆಕ್ಕಿತು. ಬರೆದುಕೊಂಡ ವಿವರವನ್ನೂ ಒಂದು ಫೋಟೋವನ್ನೂ ಮಾವನಿಗೆ ಕಳಿಸಿದೆ. ಎರಡು ದಿನ ಚರ್ಚೆಯಾಗಿ ವಿಲೋ ವಾರ್ಬ್ಲರ್ ಎಂದು ಒಪ್ಪಿದೆವು. ಹತ್ತು ಗ್ರಾಂ ತೂಗದ ಆ ಜೀವ ಸಹಾರಾದ ಆಚೆಯಿಂದ ಹೊರಟು ಉತ್ತರದ ಕಾಡುಗಳಿಗೆ ಹೋಗುವ ಹಾದಿಯಲ್ಲಿತ್ತು. ಸಂಜೆ ಹೋಗಿ ನೋಡಿದರೆ ಇರಲಿಲ್ಲ.

ಕೊಲ್ಲಿಯಲ್ಲಿರುವ ನಮ್ಮವರ ಕವಿಗೋಷ್ಠಿಗಳಲ್ಲಿ 'ನಾವು ವಲಸೆ ಹಕ್ಕಿಗಳು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಬೆಳಿಗ್ಗೆಯ ನಂತರ ನನಗೆ ಈ ಹೋಲಿಕೆ ರುಚಿಸುತ್ತಿಲ್ಲ. ನಮ್ಮ ದುಃಖ ದೊಡ್ಡದೇ ಇರಬಹುದು, ಆದರೆ ಅದನ್ನು ಹೇಳಲು ಹಕ್ಕಿಯನ್ನು ಎಳೆದು ತಂದಾಗ ಹಕ್ಕಿಯನ್ನು ನೋಡುವುದು ನಿಲ್ಲುತ್ತದೆ. ಹಾಗೆ ನೋಡಿದರೆ ಇಲ್ಲಿನ ಗೊರವಂಕಗಳ ಕಥೆ ಬೇರೆಯೇ. ಮನುಷ್ಯರು ಪಂಜರದಲ್ಲಿ ತಂದ ಮೇಲೆ ತಪ್ಪಿಸಿಕೊಂಡು, ಈಗ ಬೀದಿಬೀದಿಯಲ್ಲೂ ಗೂಡು ಕಟ್ಟಿರುವ ಹಕ್ಕಿಗಳು ಅವು. ಸ್ಥಳೀಯ ಹಕ್ಕಿಗಳ ಪೊಟರೆ ಕಸಿಯುತ್ತವೆಂಬ ದೂರೂ ಇದೆ. ಊರಿನ ದನಿ ಕೇಳಿದಂತಾಗಿ ನನಗೆ ಅವುಗಳ ಮೇಲೆ ಪ್ರೀತಿ ಉಕ್ಕುತ್ತದೆ, ಆದರೆ ಆ ಪ್ರೀತಿಯಲ್ಲಿ ಪೊಟರೆಯ ವಿಷಯ ಮರೆಯಬಾರದು.

ಪಾರ್ಕುಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಎಲ್ಲೆಂದರಲ್ಲಿ ಕೋನೋಕಾರ್ಪಸ್ ಬೇಲಿ. ಬೇಗ ಬೆಳೆಯುತ್ತದೆ, ಬಿಸಿಲು ತಡೆಯುತ್ತದೆ, ನಿಜ. ಆದರೆ ಅದರ ಗೋಡೆಯಂಥ ಹಸಿರಿನಲ್ಲಿ ಗುಬ್ಬಚ್ಚಿಗಳು ರಾತ್ರಿ ಕಳೆಯುವುದು ಬಿಟ್ಟರೆ ಹೆಚ್ಚಿನದೇನೂ ನಡೆಯುವುದನ್ನು ನಾನು ಕಂಡಿಲ್ಲ. ಅದೇ ದಾರಿಯಲ್ಲಿ ಒಂದೇ ಒಂದು ಸಿದ್ರ್ ಮರವಿದೆ, ನಮ್ಮ ಬೋರೆ ಮರದ ಹತ್ತಿರದ ನಂಟ. ಅದರ ಹಣ್ಣಿನ ಕಾಲದಲ್ಲಿ ಪಿಕಳಾರ, ಗಿಳಿ, ಬೆಳವ, ಹೂವಿನ ಕಾಲದಲ್ಲಿ ನೊಣ, ಜೇನು, ಅವನ್ನು ಹಿಡಿಯಲು ತುದಿ ಕೊಂಬೆಯಲ್ಲಿ ಕಾದು ಕೂತ ಕಳಿಂಗ. ನನ್ನ ನೋಟ್‌ಬುಕ್ಕಿನ ಅರ್ಧ ಆ ಒಂದು ಮರದ ಕೆಳಗೆ ಬರೆದದ್ದು. ಈ ನೆಲದ್ದೇ ಆದ ಮರವನ್ನು ಇನ್ನೂ ಹತ್ತು ಕಡೆ ನೆಟ್ಟರೆ ಎಷ್ಟು ಚೆನ್ನ!

ಬೇಸಿಗೆಯಲ್ಲಿ ಈ ಹವ್ಯಾಸ ಇಲ್ಲಿ ಸಾಧ್ಯವಿಲ್ಲ. ಇದೇ ದೇಶದ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ.

ಇನ್ನು, ಪಾರ್ಕು ಮನುಷ್ಯರ ಜಾಗ ಎಂಬುದನ್ನು ದುರ್ಬೀನು ಹಿಡಿದವರು ಮರೆಯುತ್ತಾರೆ. ಒಮ್ಮೆ ಗಿಳಿಯೊಂದನ್ನು ಹಿಂಬಾಲಿಸುತ್ತ ನನ್ನ ದುರ್ಬೀನು ಚಾಪೆ ಹಾಸಿ ಕೂತಿದ್ದ ಕುಟುಂಬದ ಕಡೆಗೆ ತಿರುಗಿತು. ಮನೆಯ ಹೆಣ್ಣುಮಗಳು ಸೆರಗು ಸರಿಪಡಿಸಿಕೊಳ್ಳುವ ಹಾಗೆ ಅಬಾಯಾ ಎಳೆದುಕೊಂಡಳು. ನಾನು ಹೋಗಿ ಕ್ಷಮೆ ಕೇಳಿ, ಗಿಳಿಯನ್ನು ತೋರಿಸಿದೆ. ಈಗ ಜನರಿರುವ ದಿಕ್ಕಿಗೆ, ಮನೆಗಳ ಕಿಟಕಿಯ ಕಡೆಗೆ ದುರ್ಬೀನು ಎತ್ತುವುದೇ ಇಲ್ಲ. ಹಕ್ಕಿ ತಪ್ಪಿದರೆ ತಪ್ಪಲಿ.

ಅಪರೂಪದ ಹಕ್ಕಿ ಬೇಕೆಂದವರು ಜಹ್ರಾದ ಕೊಳಗಳಿಗೋ ಸುಲೈಬಿಖಾತ್ ಕೊಲ್ಲಿಯ ರಾಜಹಂಸಗಳಿಗೋ ಕಾರು ಓಡಿಸುತ್ತಾರೆ. ನಾನೂ ಹೋಗಿದ್ದೇನೆ, ನೋಡಿ ಬೆರಗಾಗಿದ್ದೇನೆ. ಆದರೆ ಅಲ್ಲಿ ನಾನು ಅತಿಥಿ. ಅಬು ಹಲೀಫಾದ ಈ ಪಟ್ಟಿಯಲ್ಲಿ ಯಾವ ಹಕ್ಕಿ ಈ ವಾರ ಬಂದಿಲ್ಲ ಎಂಬುದೂ ನನಗೆ ಗೊತ್ತಾಗುತ್ತದೆ. ಒಂದೇ ದಾರಿಯನ್ನು ನೂರು ಸಲ ನಡೆದವರಿಗೆ ಮಾತ್ರ ಇಲ್ಲದ್ದು ಕಾಣುತ್ತದೆ. ಒಂಟಿ ನಡಿಗೆಗೆ ನಾನು ಪೂರ್ತಿ ಅಂಕ ಕೊಡುವುದು ಇದೊಂದಕ್ಕೆ. ಯಾವ ಗೈಡೂ ನೂರು ಶುಕ್ರವಾರ ನಮ್ಮ ಜೊತೆ ಬರಲಾರ.

ಆದರೂ ನನಗೊಬ್ಬ ಗುರು ಇದ್ದಾನೆಂದು ತಿಳಿದದ್ದು ತಡವಾಗಿ. ಹುಲ್ಲಿಗೆ ನೀರು ಬಿಡುವ ತೋಟದ ಕೆಲಸಗಾರ, ಬಾಂಗ್ಲಾದೇಶದವನು. ಎರಡು ವರ್ಷ ನಾವು ತಲೆಯಾಡಿಸಿ ಸಲಾಂ ಹೇಳಿದ್ದಷ್ಟೇ. ಒಂದು ದಿನ ತಾನಾಗಿ ಬಂದು, ಕೈಸನ್ನೆಯಿಂದ ಕರೆದು, ನೀರು ಬಿಟ್ಟ ಇಪ್ಪತ್ತು ನಿಮಿಷಕ್ಕೆ ಎಲ್ಲಿ ನಿಲ್ಲಬೇಕೆಂದು ತೋರಿಸಿದ. ಮಣ್ಣು ಮೆದುವಾದ ಕೂಡಲೇ ಚಂದ್ರಮುಕುಟ ಬಂತು. ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚುತ್ತ ಸಾಲು ಹಿಡಿದು ನಡೆಯಿತು, ಬಿಳಿ ಹುಳವೊಂದನ್ನು ಎಳೆದು, ಗಾಳಿಗೆ ಎಸೆದು, ನುಂಗಿತು. ಅವನು "ಮೋಹನಚೂಡಾ" ಎಂದ. ಅಲ್ಲೇ ನಿಂತು ನೋಡುತ್ತಿದ್ದ ಅರಬ್ ಹಿರಿಯರೊಬ್ಬರು "ಹುದ್‌ಹುದ್" ಎಂದರು. ನಾನು ನಮ್ಮ ಹೆಸರು ಹೇಳಿದೆ. ಯಾವ ದಿನ ಯಾವ ಮಡಿಗೆ ನೀರು, ಯಾವ ಹಕ್ಕಿ ಯಾವಾಗ ಎಂಬುದು ಅವನಿಗೆ ನನ್ನ ನೋಟ್‌ಬುಕ್ಕಿಗಿಂತ ಚೆನ್ನಾಗಿ ಗೊತ್ತು. ಗೈಡ್ ಇಲ್ಲ ಎಂದು ನಾನು ಬೀಗುತ್ತಿದ್ದ ನಡಿಗೆ ಅವನ ಕೊಳವೆಯ ಹಿಂದೆಯೇ ನಡೆಯುತ್ತಿತ್ತು.

ಈಗ ನಾನು ಹೆಸರನ್ನು ಕೊನೆಗೆ ಬರೆಯುತ್ತೇನೆ. ಮೊದಲು ಹಣೆ, ಹುಬ್ಬು, ಬೆನ್ನು, ಕಾಲು, ನಡೆ. ಹೆಸರಿನ ಜಾಗ ಖಾಲಿ ಬಿಟ್ಟು ಮಾವನಿಗೆ ಫೋಟೋ ತೆಗೆದು ಕಳಿಸುತ್ತೇನೆ. ಕೆಲವು ಸಾಲುಗಳು ಇವತ್ತಿಗೂ ಖಾಲಿ ಇವೆ, ಮುಖ್ಯವಾಗಿ ಕಡಲಕಾಗೆಗಳದ್ದು.

ಹೋದ ಅಕ್ಟೋಬರಿನ ಮೂರನೇ ಶುಕ್ರವಾರ ಕೊಳವೆ ಸೋರುವ ಜಾಗದಲ್ಲಿ ಬಾಲ ಕುಣಿಸುತ್ತ ಮೊದಲ ಸಿಪಿಲೆ ಬಂದಿಳಿಯಿತು. ಮಗಳು ದುರ್ಬೀನು ಕಿತ್ತುಕೊಂಡಳು. ನಾನು ಪೆನ್ನು ತೆರೆದು ಕಾದೆ.

"ಹಣೆ?"

"ಬಿಳಿ."

"ಬೆನ್ನು?"

"ತಡಿ ಅಮ್ಮ, ತಿರುಗಲಿ."