ತುರ್ತು ಆಡಳಿತವೂ ಫ್ಲಿಂಟ್ ನಗರದ ನೀರೂ

ಸಾಲದ ಭಾರದಿಂದ ಕುಸಿದ ನಗರವೊಂದರ ಮೇಯರನನ್ನೂ ನಗರಸಭೆಯನ್ನೂ ಬದಿಗೆ ಸರಿಸಿ, ಮೇಲಿನ ಸರಕಾರ ನೇಮಿಸಿದ ಒಬ್ಬನೇ ‘ತುರ್ತು ಆಡಳಿತಾಧಿಕಾರಿ’ಯ ಕೈಗೆ ಬೊಕ್ಕಸವನ್ನೂ ಶಾಸನಾಧಿಕಾರವನ್ನೂ ಒಪ್ಪಿಸಿಬಿಡುವ ಪದ್ಧತಿಯೊಂದು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿದೆ. 2011ರಲ್ಲಿ ಬಿಗಿಗೊಳಿಸಿದ ಈ ಕಾನೂನನ್ನು 2012ರ ನವೆಂಬರಿನಲ್ಲಿ ಮತದಾರರೇ ರದ್ದುಪಡಿಸಿದರು. ಶಾಸನಸಭೆಯಾದರೋ ಮರುತಿಂಗಳಲ್ಲಿಯೇ ಅದನ್ನು ತುಸು ತಿದ್ದಿ, ಇನ್ನೊಮ್ಮೆ ಜನಮತಕ್ಕೆ ಗುರಿಪಡಿಸಲು ಬಾರದಂತೆ ಅದಕ್ಕೊಂದು ಧನವಿನಿಯೋಗದ ವಿಧಿಯನ್ನು ಸೇರಿಸಿ, ಪುನಃ ಅಂಗೀಕರಿಸಿತು.

ಈ ಪದ್ಧತಿಯ ಸಮರ್ಥಕರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಜನರಲ್ ಮೋಟರ್ಸ್ ಕಂಪನಿಗೆ 1908ರಲ್ಲಿ ಜನ್ಮವಿತ್ತ ಫ್ಲಿಂಟ್ ನಗರದಲ್ಲಿ 1960ರ ವೇಳೆಗೆ ಎರಡು ಲಕ್ಷಕ್ಕೆ ಸಮೀಪವಾಗಿದ್ದ ಜನಸಂಖ್ಯೆ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಂತೆ ಅರ್ಧಕ್ಕಿಳಿಯಿತು. ಜನ ಹೋದರು, ತೆರಿಗೆ ಹೋಯಿತು. ನೆಲದಡಿಯ ಕೊಳವೆಗಳು ಮಾತ್ರ ಹಿಂದಿನಷ್ಟೇ ಉದ್ದಕ್ಕೆ ಉಳಿದವು. ಆದಾಯವ್ಯಯಗಳನ್ನು ಯಾರಾದರೊಬ್ಬರು ನಿಷ್ಠುರವಾಗಿ ಸರಿದೂಗಿಸಲೇಬೇಕಾಗಿತ್ತು. ಆದರೆ ನಗರಗಳಿಗೆ ಸಲ್ಲುತ್ತಿದ್ದ ತೆರಿಗೆಯ ಪಾಲನ್ನು ವರ್ಷವರ್ಷವೂ ಕಡಿಮೆಮಾಡುತ್ತ ಬಂದ ಸಂಸ್ಥಾನವೇ, ಆ ಕೊರತೆಯನ್ನು ಕೇವಲ ಸ್ಥಳೀಯರ ದುರಾಡಳಿತದ ಫಲವೆಂದು ಬಗೆದು ಶಿಕ್ಷಕನ ಸ್ಥಾನದಲ್ಲಿ ಕುಳಿತದ್ದು ಈ ಪದ್ಧತಿಯ ಮೊದಲನೆಯ ದೋಷ.

ಎರಡನೆಯ ದೋಷ ಇನ್ನೂ ಘೋರವಾದುದು. ಇಂಥ ಅಧಿಕಾರಿಯ ಕೈಕೆಳಗಿದ್ದ ಫ್ಲಿಂಟಿನಲ್ಲಿ 2014ರ ಏಪ್ರಿಲಿನಲ್ಲಿ, ಖರ್ಚು ಉಳಿಸುವ ಸಲುವಾಗಿ, ಡೆಟ್ರಾಯಿಟಿನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು. ಕೊಳವೆಗಳನ್ನು ಸವೆಯದಂತೆ ಕಾಪಾಡುವ ಫಾಸ್ಫೇಟನ್ನು ಬೆರೆಸಲಿಲ್ಲ. ಸಂಸ್ಥಾನದ ಪರಿಸರ ಇಲಾಖೆಯೂ ಒತ್ತಾಯಿಸಲಿಲ್ಲ. ಅಕ್ಟೋಬರಿನಲ್ಲಿ, ಎಂಜಿನಿನ ಬಿಡಿಭಾಗಗಳಿಗೆ ತುಕ್ಕು ಹಿಡಿಯುತ್ತಿದೆಯೆಂದು ಜನರಲ್ ಮೋಟರ್ಸಿನ ಕಾರ್ಖಾನೆ ಆ ನೀರನ್ನು ಬಿಟ್ಟು ಮತ್ತೆ ಸರೋವರದ ನೀರಿಗೆ ಮರಳಿತು. ಕಬ್ಬಿಣಕ್ಕೆ ಒಗ್ಗದ ನೀರು ಕೂಸುಗಳಿಗೆ ಒಗ್ಗುವುದೆಂದು ಇನ್ನೂ ಒಂದು ವರ್ಷ ಆಳುವವರು ಹೇಳುತ್ತಲೇ ಇದ್ದರು. ಕಂದುಬಣ್ಣದ ನೀರನ್ನು ಸೀಸೆಗಳಲ್ಲಿ ತುಂಬಿಕೊಂಡು ಸಭೆಗೆ ಬಂದ ಗೃಹಿಣಿಯರ ಮೊರೆಯನ್ನು ಕೇಳಿ, 2015ರ ಮಾರ್ಚಿನಲ್ಲಿ ನಗರಸಭೆ ಹಳೆಯ ನೀರಿಗೆ ಮರಳಬೇಕೆಂದು 7–1 ಮತಗಳಿಂದ ನಿರ್ಣಯಿಸಿದರೂ, ತುರ್ತು ಆಡಳಿತಾಧಿಕಾರಿ ಅದನ್ನು ಮಾನ್ಯಮಾಡಲಿಲ್ಲ. ಮಾನ್ಯಮಾಡಬೇಕೆಂಬ ಕಟ್ಟಳೆಯೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ, ಸವೆದ ಕೊಳವೆಗಳಿಂದ ನೀರಿಗಿಳಿದ ಸೀಸ ರಕ್ತದಲ್ಲಿ ಮಿತಿಮೀರಿದ ಮಕ್ಕಳ ಪ್ರಮಾಣ ಇಮ್ಮಡಿಯಾದುದನ್ನು ಲೆಕ್ಕಸಮೇತ ತೋರಿಸಿದ ಮೇಲೆಯೇ, ಅಕ್ಟೋಬರಿನಲ್ಲಿ ಹಳೆಯ ನೀರು ಬಂದಿತು.

ಮಿತವ್ಯಯಕ್ಕಾಗಿ ಹುಟ್ಟಿದ ಪದ್ಧತಿ ಮಿತವ್ಯಯವನ್ನಾದರೂ ಸಾಧಿಸಿತೇ ಎಂದರೆ, ಸಂತ್ರಸ್ತರ ಪರಿಹಾರಕ್ಕೆಂದೇ ಒಪ್ಪಂದವಾದ ಮೊತ್ತ 60 ಕೋಟಿ ಡಾಲರುಗಳನ್ನು ಮೀರಿತು. ನಾಗರಿಕನ ದೂರನ್ನು ಆಡಳಿತಕ್ಕೆ ಅಡ್ಡಿಯೆಂದು ಬಗೆದವರು, ತಪ್ಪನ್ನು ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಅಗ್ಗವಾಗಿ ತಿಳಿಸುವ ಸಾಧನವನ್ನೇ ಕಳೆದುಕೊಂಡರು. ಡೆಟ್ರಾಯಿಟೂ ಈ ಆಡಳಿತಕ್ಕೊಳಪಟ್ಟ 2013ರಲ್ಲಿ ಸಂಸ್ಥಾನದ ಕಪ್ಪು ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮ ನಗರವನ್ನು ಆಳುವವರನ್ನು ತಾವೇ ಆರಿಸುವ ಹಕ್ಕಿಗೆ ಎರವಾಗಿದ್ದರೆಂಬುದನ್ನು ನೆನೆದರೆ, ಈ ನಷ್ಟ ಯಾರ ಪಾಲಿಗೆ ಬಂದಿತೆಂಬುದೂ ಸ್ಪಷ್ಟವಾಗುತ್ತದೆ. ದಿವಾಳಿಯಾದ ನಗರದ ಲೆಕ್ಕಪತ್ರಗಳನ್ನು ಪರರು ಪರಿಶೋಧಿಸಬಹುದು, ಸಾಲಕ್ಕೆ ಮಿತಿಯನ್ನೂ ವಿಧಿಸಬಹುದು. ಆ ನಗರದವರು ಏನನ್ನು ಕುಡಿಯಬೇಕೆಂಬುದನ್ನು ಅವರ ಮತಕ್ಕೆ ಹೊಣೆಯಲ್ಲದವನು ನಿರ್ಧರಿಸುವ ಕಾನೂನು ಮಾತ್ರ ತಿದ್ದುಪಡಿಗಲ್ಲ, ನಿರಸನಕ್ಕೇ ಯೋಗ್ಯವಾದುದು.