ಕಲ್ಲಹಳ್ಳಿಯ ಸೂಪಶಾಸ್ತ್ರ: ಶಾಸ್ತ್ರಕಾವ್ಯ ಉಳಿಸಿದ್ದು, ಬಿಟ್ಟದ್ದು

ಕಥೆ ಹೇಳುವುದಕ್ಕಲ್ಲದೆ ಒಂದು ವಿದ್ಯೆಯನ್ನು ತಿಳಿಸುವುದಕ್ಕಾಗಿ ಛಂದಸ್ಸನ್ನು ಬಳಸಿಕೊಂಡ ಕೃತಿಗಳನ್ನು ಶಾಸ್ತ್ರಕಾವ್ಯಗಳೆಂದು ಕರೆಯುವುದಾದರೆ, ಕನ್ನಡದಲ್ಲಿ ಅವುಗಳ ಸಾಲು ಸಣ್ಣದಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರದಲ್ಲಿ ಪಂಚಾಂಗ, ವಾಸ್ತು, ನೆಲದಡಿಯ ನೀರನ್ನು ಪತ್ತೆಹಚ್ಚುವ ಉದಕಾರ್ಗಳ, ವೃಕ್ಷಾಯುರ್ವೇದ, ಅಡುಗೆ, ವಿಷವೈದ್ಯ ಇವೆಲ್ಲವನ್ನೂ ಒಂದೇ ಕಟ್ಟಿನಲ್ಲಿ ತಂದನು. ಕೀರ್ತಿವರ್ಮನ ಗೋವೈದ್ಯ, ರಾಜಾದಿತ್ಯನ ವ್ಯವಹಾರಗಣಿತ, ವಿಷಗಳನ್ನೂ ಅವುಗಳ ಮದ್ದನ್ನೂ ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣ ಅದರ ಹಿಂದೆ ಬಂದವು. ಸಾಹಿತ್ಯಚರಿತ್ರೆಗಳು ಇವನ್ನು ಹೆಸರಿಸಿ ಮುಂದೆ ಸಾಗುವುದೇ ಹೆಚ್ಚು. ರಸವಿಲ್ಲದ ಪದ್ಯವೆಂಬ ತಾತ್ಸಾರ ಅದರಲ್ಲಿದೆ, ಆ ತಾತ್ಸಾರ ಪೂರ್ತಿ ಅನ್ಯಾಯವೂ ಅಲ್ಲ.

ಈ ಸಾಲಿನ ತಡವಾದ, ಆದರೆ ಅತ್ಯಂತ ಸ್ವಾರಸ್ಯದ ಕೃತಿ ಹುಣಸೂರು ಸೀಮೆಯದು. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭು, ಜೈನ. ಪಿರಿಯಾಪಟ್ಟಣದ ಕಡೆಯನ್ನು ಆಳುತ್ತಿದ್ದ ಚಂಗಾಳ್ವರ ಆಶ್ರಯದ ಮನೆತನದವನು. ಇಂದಿನ ಕೆ.ಆರ್. ನಗರದ ಕಡೆಯ ಚಿಕ್ಕಹನಸೋಗೆಯ ಬಸದಿಗಳು ಈ ಸೀಮೆಯಲ್ಲಿ ಜೈನಧರ್ಮಕ್ಕೆ ಎಷ್ಟು ಹಳೆಯ ಬೇರಿತ್ತೆಂಬುದನ್ನು ತೋರಿಸುತ್ತವೆ. ಜಯನೃಪಕಾವ್ಯ, ನೇಮಿಜಿನೇಶಸಂಗತಿ, ಸಮ್ಯಕ್ತ್ವಕೌಮುದಿಗಳನ್ನು ಬರೆದ ಅದೇ ಕೈ ಸೂಪಶಾಸ್ತ್ರವನ್ನೂ, ಅಂದರೆ ಅಡುಗೆಯ ಶಾಸ್ತ್ರವನ್ನೂ, ವಾರ್ಧಕ ಷಟ್ಪದಿಯಲ್ಲಿ ಬರೆಯಿತು. ತೀರ್ಥಂಕರನ ಚರಿತೆಗೂ ಬದನೆಕಾಯಿಯ ಪಲ್ಯಕ್ಕೂ ಒಬ್ಬನೇ ಕವಿ ಎಂಬುದು ಆ ಕಾಲಕ್ಕೆ ವಿಚಿತ್ರವಾಗಿ ಕಂಡಿರಲಾರದು.

ಹಿಟ್ಟಿನ ತಿನಿಸುಗಳನ್ನು ಹೇಳುವ ಪಿಷ್ಟಪಾಕದ ಭಾಗದಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಗಮನಿಸಬೇಕು. ಕಾವಲಿಯ ಮೇಲಿಟ್ಟ ಹಿಟ್ಟಿಗೆ ಮುಚ್ಚಳ ಹಾಕಿ, ಆ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುವ ಈ ಕ್ರಮದಲ್ಲಿ ರೊಟ್ಟಿಯನ್ನು ಮಗುಚಬೇಕಾಗಿಲ್ಲ; ಕಾವು ಕೆಳಗಿನಿಂದ ಮಾತ್ರ ಬಂದರೆ ಅಡಿ ಸೀದು ಮೇಲ್ಮೈ ಹಸಿಯಾಗಿಯೇ ಉಳಿಯುತ್ತದೆಂಬುದನ್ನು ಯಾರೋ ಸುಟ್ಟ ರೊಟ್ಟಿಗಳನ್ನು ನೋಡಿ ನೋಡಿಯೇ ಕಂಡುಕೊಂಡಿರಬೇಕು. ಪದ್ಯದಲ್ಲಿ ಕೆಂಡವಿದೆ, ಸೀದ ರೊಟ್ಟಿಯಿಲ್ಲ.

ಈ ಪರಂಪರೆಯ ಮುಖ್ಯ ಕೊರತೆ ಇಲ್ಲಿಯೇ ಇದೆ. ಒಂದು ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಅದೇ 1508ರ ಮಾರ್ಚ್ 22ರಂದು ಫ್ಲಾರೆನ್ಸಿನಲ್ಲಿ ಲಿಯೊನಾರ್ಡೊ ದ ವಿಂಚಿ ಹೊಸದೊಂದು ಟಿಪ್ಪಣಿಪುಸ್ತಕವನ್ನು ತೆರೆದನು. ಅದಕ್ಕೆ ಸ್ವಲ್ಪ ಮುಂಚೆ, ನೂರು ವರ್ಷ ದಾಟಿದೆನೆಂದು ಹೇಳಿಕೊಂಡು ಆಸ್ಪತ್ರೆಯಲ್ಲಿ ನೆಮ್ಮದಿಯಾಗಿ ಸತ್ತ ಮುದುಕನೊಬ್ಬನ ದೇಹವನ್ನು ಕೊಯ್ದು, ಅಷ್ಟು ಸುಖದ ಸಾವಿಗೆ ಕಾರಣವೇನೆಂದು ರಕ್ತನಾಳಗಳಲ್ಲಿ ಹುಡುಕಿದ್ದನು. ಬಲದಿಂದ ಎಡಕ್ಕೆ ಬರೆದ ಅವನ ಹಾಳೆಗಳಲ್ಲಿ ಚಿತ್ರಗಳ ಪಕ್ಕದಲ್ಲೇ ಪ್ರಶ್ನೆ, ಅನುಮಾನ, ಅಂಚಿನ ತಿದ್ದುಪಡಿ ಉಳಿದಿವೆ. ಶಾಸ್ತ್ರಕಾವ್ಯದಲ್ಲಿ ಇವಕ್ಕೆ ಎಡೆಯಿಲ್ಲ, ಏಕೆಂದರೆ ಅದು ಹೀಗೆ ಮಾಡು ಎನ್ನುತ್ತದೆಯೇ ಹೊರತು ಹಾಗೆ ಮಾಡಿ ಕೆಟ್ಟಿತು ಎನ್ನುವುದಿಲ್ಲ. ಇಪ್ಪತ್ತು ಮಾತ್ರೆಯ ಸಾಲುಗಳ ನಡುವೆ ಮೂರನೆಯ ಮತ್ತು ಆರನೆಯ ಸಾಲನ್ನು ಉದ್ದವಾಗಿ ಚಾಚುವ ವಾರ್ಧಕದ ಓಟ ನೆನಪಿಗೆ ಹೇಳಿ ಮಾಡಿಸಿದ್ದು, ಶಂಕೆಗೆ ಅಲ್ಲ. ಖಗೇಂದ್ರಮಣಿದರ್ಪಣದಲ್ಲಿ ಮದ್ದೂ ಮಂತ್ರವೂ ಒಂದೇ ಪಂಕ್ತಿಯಲ್ಲಿ ಕೂರುವುದಕ್ಕೂ, ಯಾವುದು ಫಲಿಸಿತು ಎಂಬ ಲೆಕ್ಕವನ್ನು ಇಡುವ ರೂಢಿ ಆ ಪ್ರಕಾರಕ್ಕೇ ಇಲ್ಲದಿರುವುದು ಒಂದು ಕಾರಣ.

ಆದರೆ ಲಿಯೊನಾರ್ಡೊನ ಹಾಳೆಗಳು ಬಹುಪಾಲು 19ನೆಯ ಶತಮಾನದವರೆಗೆ ಅಚ್ಚನ್ನು ಕಾಣಲಿಲ್ಲ. ಅವನ ಅಂಗರಚನೆಯ ಅರಿವು ಅವನ ಊರಿನ ವೈದ್ಯನಿಗೂ ಸರಿಯಾಗಿ ದಕ್ಕಲಿಲ್ಲ. ಮಂಗರಸನು ಬರೆದದ್ದು ಓದಿದರೆ ಕೇಳಿದವರು ಮಾಡಬಹುದಾದ ದೇಶಭಾಷೆಯಲ್ಲಿ. ತರಕಾರಿಗಳ ಅಡುಗೆಯನ್ನು ಹೇಳುವ ಅವನ ಶಾಕಪಾಕದ ಭಾಗದಲ್ಲಿ ಬದನೆ, ಹಲಸು, ಬಾಳೆಗಳ ಜೊತೆಗೆ ಎಳೆಬಿದಿರಿನ ಮೊಳಕೆಯಾದ ಕಳಲೆಯೂ ಇರುವುದು ಪುಸ್ತಕದಿಂದ ಪುಸ್ತಕಕ್ಕೆ ಇಳಿದ ಪಾಠ ಮಾತ್ರವಾಗಿರಲಾರದು, ಕಾಡಂಚಿನಲ್ಲಿ ಬಾಳಿದವನ ಕಣ್ಣು ಅದರಲ್ಲಿದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷಾಂಶವಿರುತ್ತದೆ. ಅದರ ಹೆಸರನ್ನು ರಸಾಯನಶಾಸ್ತ್ರ ಹೇಳುವ ಎಷ್ಟೋ ಮೊದಲೇ ಹೆಗ್ಗಡದೇವನಕೋಟೆಯ ಕಡೆಯ ಅಡುಗೆಮನೆಗಳು ಕಳಲೆಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸುವುದನ್ನು ಕಲಿತಿದ್ದವು. ಎಷ್ಟು ದಿನ ನೆನೆಯಬೇಕೆಂದು ಕೇಳಿದರೆ ಅಲ್ಲಿ ಸಿಗುವುದು ಒಂದು ಸಂಖ್ಯೆಯಲ್ಲ. ಕಳಲೆ ಎಳೆಯದೋ ಬಲಿತದ್ದೋ ನೋಡಬೇಕು ಎಂಬ ಮಾತು.