ಕಡಲಂಚಿನ ಮನೆಯೂ ಲಾಕ್‌ಡೌನಿನ ದಿನಚರಿಯೂ

ಮಹಾಮಾರಿಯ ಭೀತಿ ಹಿಂದೆ ಸರಿದು ಕೆಲವು ವರ್ಷಗಳಾದವು. ಆ ದಿನಗಳಲ್ಲಿ ಹುಟ್ಟಿದ ಬರವಣಿಗೆಯನ್ನು ಈಗ ತುಸು ದೂರ ನಿಂತು ತೂಗಿ ನೋಡಬಹುದು. 2020ರ ಮಾರ್ಚ್ 25ರಿಂದ ಮೇ 31ರ ವರೆಗೆ, 68 ದಿನ, ದೇಶವೇ ಬಾಗಿಲು ಮುಚ್ಚಿಕೊಂಡಿತ್ತು. ಮುಚ್ಚಿದ ಬಾಗಿಲ ಹಿಂದೆ ಕುಳಿತ ಲೇಖಕರಿಗೆ ವಸ್ತುವೆಂದು ಉಳಿದದ್ದು ಮನೆಯೊಂದೇ. ಆದುದರಿಂದ ಪತ್ರಿಕೆಗಳಲ್ಲಿ ದಿನಚರಿಯ ಧಾಟಿಯ ಪ್ರಬಂಧಗಳು ಮೊದಲ ಮಳೆಗೆ ನಾಯಿಕೊಡೆ ಎದ್ದಂತೆ ಎದ್ದವು. ಕತ್ತರಿಸಿ ಇಟ್ಟುಕೊಂಡಿದ್ದ ಕೆಲವನ್ನು ಇತ್ತೀಚೆಗೆ ತೆಗೆದು ಮತ್ತೊಮ್ಮೆ ಓದಿದೆ. ಓದುವಾಗ ಮನಸ್ಸಿನಲ್ಲಿ ಬಲಿತ ಒಂದು ಆಕ್ಷೇಪವನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

ಈ ಪ್ರಬಂಧಗಳಿಗೆ ಬಲು ಮೆಚ್ಚಿನ ಸ್ಥಳವೆಂದರೆ ಕಡಲಂಚಿನ ಮನೆ. ಪಟ್ಟಣದಿಂದ ಹಿರಿಯರ ಮನೆಗೆ ಮರಳಿದ ಲೇಖಕ ತೆರೆಯ ಸಪ್ಪಳಕ್ಕೆ ಏಳುತ್ತಾನೆ. ಜಗಲಿಯ ಮೇಲೆ ಕುಳಿತು ಜನರಿಲ್ಲದ ಮಳಲನ್ನು ನೋಡುತ್ತಾನೆ. ಏಡಿ ಎಳೆದ ಗೆರೆ, ದಡಕ್ಕೆ ಎಳೆದಿಟ್ಟ ದೋಣಿ, ಸಂಜೆಯ ಕೆಂಪು, ಇವನ್ನೆಲ್ಲ ಮೊದಲ ಸಲ ಕಂಡವನ ಹಾಗೆ ಬಣ್ಣಿಸುತ್ತಾನೆ. ಇದರಲ್ಲಿ ಸುಳ್ಳೇನೂ ಇಲ್ಲ. ಓಡಾಟ ನಿಂತಾಗ ಕಣ್ಣು ಚುರುಕಾಗುವದು ಸಹಜ. ಕೆಲವರು ಆ ಮೌನವನ್ನು ಚೆನ್ನಾಗಿಯೇ ಹಿಡಿದಿದ್ದಾರೆ. ಮೌನದೊಳಗಿನ ಅಂಜಿಕೆಯನ್ನೂ, ಫೋನು ಬಾರಿಸಿದಾಗ ಎದೆ ನಡುಗುವದನ್ನೂ ಹೇಳಿದ್ದಾರೆ. ಆ ಮಟ್ಟಿಗೆ ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ.

ನನ್ನ ಆಕ್ಷೇಪವಿರುವದು ಅವರ ಕ್ರಿಯಾಪದಗಳ ಮೇಲೆ. 'ಚಹ ಬಂತು', 'ಸ್ನಾನಕ್ಕೆ ನೀರು ಕಾದಿತ್ತು', 'ಊಟವಾಯಿತು', 'ಪಾತ್ರೆ ತೊಳೆದಾಯಿತು'. ಪುಟ ಪುಟದಲ್ಲಿಯೂ ಇಂಥ ವಾಕ್ಯಗಳು. ಮಾಡಿದವರ ಹೆಸರೆತ್ತದೆ ಕೆಲಸ ಮುಗಿಸುವ ಸೌಕರ್ಯ ನಮ್ಮ ಭಾಷೆಯಲ್ಲಿ ಧಾರಾಳವಾಗಿದೆ. ನಿತ್ಯದ ಮಾತಿನಲ್ಲಿ ಅದು ಸಂಕ್ಷೇಪ, ಸೌಜನ್ಯವೂ ಹೌದು. ಆದರೆ ಮನೆಯನ್ನೇ ವಸ್ತುವಾಗಿ ಆಯ್ದುಕೊಂಡ ಬರಹದಲ್ಲಿ ಇದೇ ಸೌಕರ್ಯ ದೋಷವಾಗುತ್ತದೆ. 'ಊಟವಾಯಿತು' ಎಂಬ ವಾಕ್ಯದಲ್ಲಿ ಉಂಡವನಿದ್ದಾನೆ, ಅಡಿಗೆ ಮಾಡಿದವಳಿಲ್ಲ. ಮನೆಗೆಲಸದವರು ಬಾರದ ಆ ಎರಡು ತಿಂಗಳು ಮನೆಯ ಹೆಂಗಸಿಗೆ ದಿನವೆಂಬುದು ಎರಡರಷ್ಟು ಉದ್ದವಾಗಿದ್ದಾಗ, ಅದೇ ಮನೆಯ ದಿನಚರಿಯಲ್ಲಿ ಕಾಲ ನಿಂತುಹೋದಂತೆ ಬರೆದದ್ದು ಹೇಗೆ?

ಕನ್ನಡದಲ್ಲಿ ಕಡಲಂಚಿನ ಮನೆಯನ್ನು ಬೇರೆ ರೀತಿಯಿಂದ ಬರೆದ ದೊಡ್ಡ ಮಾದರಿ ಇದೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' 1941ರಲ್ಲಿ ಹೊರಬಂತು. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಕೋಡಿಯೆಂಬ ಊರು. ಅಲ್ಲಿ ರಾಮ ಐತಾಳರ ಮನೆ. ಐತಾಳರು ಪೌರೋಹಿತ್ಯಕ್ಕೆ ಹೋಗಿಬರುತ್ತಾರೆ. ಆ ಮನೆಯನ್ನು ನಿಲ್ಲಿಸಿದವರು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಗದ್ದೆಯ ಕೆಲಸ, ಕಟ್ಟಿಗೆಯ ಹೊರೆ, ದನಕರು, ಒಲೆ, ಇದಾವುದೂ ಕಾದಂಬರಿಯಲ್ಲಿ ತನ್ನಷ್ಟಕ್ಕೆ ತಾನೇ 'ಆಗು'ವದಿಲ್ಲ. ಪ್ರತಿಯೊಂದಕ್ಕೂ ಹೊತ್ತ ತಲೆಯಿದೆ, ನೊಂದ ಸೊಂಟವಿದೆ. ಮುಂದೆ ಸೊಸೆ ನಾಗವೇಣಿ ಎಲ್ಲವನ್ನೂ ಕಳೆದುಕೊಂಡು ಆ ಮಣ್ಣಿಗೇ ಮರಳಿದಾಗ, ಅವಳು ಮರಳಿದ್ದು ನೋಟಕ್ಕಲ್ಲ, ದುಡಿಮೆಗೆ.

ಹಾಗೆಂದು ಕಾರಂತರು ಕಡಲನ್ನು ಮರೆತಿಲ್ಲ. ಮೊಮ್ಮಗ ರಾಮನ ಕಾಲಕ್ಕೆ ಕಡಲಿನ ಚೆಲುವಿಗೂ ಸಂಗೀತಕ್ಕೂ ಆ ಮನೆಯಲ್ಲಿ ಎಡೆ ಸಿಕ್ಕುತ್ತದೆ. ಆದರೆ ಆ ಎಡೆಗೆ ಬೆಲೆ ತೆತ್ತವರು ಯಾರೆಂಬುದು ಅಷ್ಟರಲ್ಲಿ ನಮಗೆ ಗೊತ್ತಾಗಿರುತ್ತದೆ. ಎರಡು ತಲೆಮಾರಿನ ಹೆಂಗಸರ ಬೆವರನ್ನು ಕಂಡ ಮೇಲೆ ಬಂದ ಚೆಲುವಾದ್ದರಿಂದಲೇ ಅದು ನಮ್ಮನ್ನು ತಟ್ಟುತ್ತದೆ. ಲಾಕ್‌ಡೌನಿನ ಪ್ರಬಂಧಕಾರರು ಕೊನೆಯ ಈ ಫಲವನ್ನು ಮಾತ್ರ ಕಿತ್ತುಕೊಂಡರು. ಗಿಡಕ್ಕೆ ನೀರೆರೆದವರತ್ತ ನೋಡಲಿಲ್ಲ.

ಮಹಾಮಾರಿಯ ಮಾತಿಗೆ ಬಂದರೂ ಹೀಗೆಯೇ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' (1970) ಪ್ಲೇಗಿನ ಕ್ರೌರ್ಯವನ್ನು ನಮ್ಮ ಅಡಿಗೆಮನೆಯೊಳಕ್ಕೆ ತಂದ ಕೃತಿ. ಅಲ್ಲಿ ರೋಗ ಬಂದೊಡನೆ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಬೇಕು. ಹಾಕುವ ಕೈ ಯಾವದೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುವವಳು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವವಳು. ಬೆಳೆದ ಇಬ್ಬರು ಮಕ್ಕಳು ಪ್ಲೇಗಿಗೆ ತುತ್ತಾದಾಗ ನಾವು ತತ್ತರಿಸುವದು ಸಾವಿನ ವರ್ಣನೆಯಿಂದಲ್ಲ. ಆ ಮಕ್ಕಳನ್ನು ಆ ಕೈ ಎಷ್ಟು ಎಲೆ ಹಚ್ಚಿ ಬೆಳೆಸಿತ್ತೆಂಬುದನ್ನು ನಾವು ಮೊದಲೇ ಕಂಡಿದ್ದೇವೆ.

ಅನಂತಮೂರ್ತಿಯವರ 'ಸಂಸ್ಕಾರ' (1965) ಪ್ಲೇಗನ್ನು ಧರ್ಮಸಂಕಟದ ಭಿತ್ತಿಯಾಗಿ ಬಳಸಿದೆ, ನಿಜ. ಆದರೂ ಒಂದು ವಿಷಯ ಗಮನಿಸಬೇಕು. ನಾರಣಪ್ಪನ ಹೆಣವನ್ನು ಯಾರು ಎತ್ತಬೇಕೆಂದು ಅಗ್ರಹಾರವೆಲ್ಲ ಹಸಿದು ಕುಳಿತು ಚರ್ಚಿಸುತ್ತಿರುವಾಗ, ಚಂದ್ರಿ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಿಂದ ಇರುಳಿನಲ್ಲಿ ಅದನ್ನು ಸುಡಿಸಿಬಿಡುತ್ತಾಳೆ. ಶಾಸ್ತ್ರ ಹುಡುಕುವವರಿಗೆ ಕೆಲಸ 'ಆದದ್ದು' ತಿಳಿಯುವದಿಲ್ಲ. ಕಾದಂಬರಿಕಾರ ಮಾತ್ರ ಮಾಡಿದವರನ್ನು ಮರೆಯುವದಿಲ್ಲ.

ಪಶ್ಚಿಮದ ಉದಾಹರಣೆಯೊಂದನ್ನೂ ಹೇಳಬೇಕು. ಏಕೆಂದರೆ ನಮ್ಮ ಪ್ರಬಂಧಕಾರರು ಅದನ್ನು ಬಹಳ ನೆನೆದರು. 1348ರ ಮಹಾಮಾರಿಯಲ್ಲಿ ಏಳು ಮಂದಿ ತರುಣಿಯರೂ ಮೂವರು ತರುಣರೂ ಫ್ಲಾರೆನ್ಸ್ ಬಿಟ್ಟು ಹಳ್ಳಿಯ ಬಂಗಲೆ ಸೇರಿ ಹತ್ತು ದಿನಗಳಲ್ಲಿ ನೂರು ಕಥೆ ಹೇಳಿದರೆಂಬುದು ಬೊಕಾಚಿಯೋನ 'ಡೆಕಮೆರಾನ್'. ಏಕಾಂತದ ಸುಖಕ್ಕೆ ಇದೇ ಆದರ್ಶವೆಂಬಂತೆ ಉದಾಹರಿಸಿದವರು ಒಂದು ಪುಟ ದಾಟಿ ಹೋಗಿದ್ದಾರೆ. ಮೊದಲ ದಿನವೇ ಆ ಗುಂಪಿನ ರಾಣಿ ಕೆಲಸ ಹಂಚುತ್ತಾಳೆ. ಮನೆವಾರ್ತೆಗೆ ಪಾರ್ಮೆನೋ, ಅಡಿಗೆಮನೆಗೆ ಮಿಸಿಯಾ ಮತ್ತು ಲಿಚಿಸ್ಕಾ ಎಂದು ಸೇವಕರ ಹೆಸರುಗಳನ್ನೇ ಹೇಳುತ್ತಾಳೆ. ಆರನೆಯ ದಿನ ಲಿಚಿಸ್ಕಾಳ ಜಗಳದ ಸದ್ದು ಕಥಾಗೋಷ್ಠಿಯ ವರೆಗೂ ಕೇಳಿಬರುತ್ತದೆ. ಆರೂವರೆ ನೂರು ವರ್ಷಗಳ ಹಿಂದಿನ ಲೇಖಕನಿಗೆ ಒಲೆಯ ಮುಂದೆ ಯಾರಿದ್ದರೆಂದು ಗೊತ್ತಿತ್ತು!

ಬೆಳಗಾವಿಯಲ್ಲಿ ಕುಳಿತವನಿಗೆ ಕಡಲಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಬೆಳಗಾವಿಗೆ ಕಡಲು ಕಾಣುವದಿಲ್ಲ. ಆದರೆ ಕಡಲಂಚಿನ ಮನೆಗೆ ಬೆಳಗಾವಿ ಬೇಕು. ಗೋವೆಯ ಅಡಿಗೆಮನೆಗಳ ಕಾಯಿಪಲ್ಯದ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುವ ದಾರಿ ಖಾನಾಪುರ ತಾಲೂಕಿನದು. ವಾಸ್ಕೋಕ್ಕೆ ಇಳಿಯುವ ರೈಲು ಕವಲೊಡೆಯುವ ಲೋಂಡಾ ಕೂಡ ಅದೇ ತಾಲೂಕಿನದು. ಲಾಕ್‌ಡೌನಿನಲ್ಲಿ ಜನರಿಗೆ ಗಡಿ ಮುಚ್ಚಿತು, ಅವಶ್ಯಕ ಸರಕಿಗೆ ಮಾತ್ರ ತೆರೆಯಿತು. ಜಗಲಿಯ ಮೇಲೆ ಕುಳಿತು ತೆರೆ ಎಣಿಸಿದವನ ಎಲೆಗೆ ಬಿದ್ದ ಬದನೆಯ ಪಲ್ಯ, ಖಾನಾವಳಿಗಳು ಮುಚ್ಚಿದ್ದ ದಾರಿಯಲ್ಲಿ ರೊಟ್ಟಿಯ ಗಂಟು ಕಟ್ಟಿಕೊಂಡು ಘಟ್ಟ ಇಳಿದ ಚಾಲಕನೊಬ್ಬನ ಕೈದಾಟಿ ಬಂದದ್ದಾಗಿರಬಹುದು. 'ಕಾಯಿಪಲ್ಯ ಬಂತು' ಎಂದು ಬರೆದು ಮುಂದೆ ಹೋದರೆ ಒಬ್ಬ ಮನುಷ್ಯನಷ್ಟೇ ಅಲ್ಲ, ಇಡೀ ಘಟ್ಟವೇ ವಾಕ್ಯದಿಂದ ಬಿದ್ದುಹೋಗುತ್ತದೆ.

ಇನ್ನೊಂದು ಮಾತು. ಕನ್ನಡಿಗರ ಕಡಲಂಚಿನ ಮನೆಗಳೆಲ್ಲ ಹೆಂಚಿನ ಜಗಲಿಯವಲ್ಲ. ವಾಸ್ಕೋದ ಬೈನಾದಲ್ಲಿ ಕಡಲಿಗೆ ತೀರ ಹತ್ತಿರದಲ್ಲೇ ಕನ್ನಡದ ಮನೆಗಳಿದ್ದವು. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಯಲು ಹೋಗಿ ದಶಕಗಳಿಂದ ನೆಲೆಸಿದವರ ಮನೆಗಳು ಅವು. 2017ರಲ್ಲಿ ದಂಡೆಯ ಅನೇಕ ಮನೆಗಳನ್ನು ಕೆಡವಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿಯೂ ಬಂದಿತ್ತು. 2020ರ ಜೂನ್ ಆರಂಭದಲ್ಲಿ ಅದೇ ವಾಸ್ಕೋದ ಮಾಂಗೋರ್ ಹಿಲ್ ಗೋವೆಯ ಮೊದಲ ಕಂಟೇನ್‌ಮೆಂಟ್ ವಲಯವಾಯಿತು. ದೇಶದ ಉಳಿದ ಕಡೆ ಬಾಗಿಲು ತೆರೆಯತೊಡಗಿದಾಗ ಅಲ್ಲಿ ಮುಚ್ಚಿತು. ಒತ್ತೊತ್ತಾದ ಮನೆ, ಕೂಲಿಯಿಲ್ಲದ ದಿನ, ಹತ್ತಿರದಲ್ಲೇ ಕಡಲು. ಕಡಲಂಚಿನ ಲಾಕ್‌ಡೌನ್ ಎಂದರೆ ಇದೂ ಹೌದು. ನಾನು ಕತ್ತರಿಸಿ ಇಟ್ಟ ಪ್ರಬಂಧಗಳಲ್ಲಿ ಅಲ್ಲಿಯ ಒಂದು ದಿನವೂ ಇಲ್ಲ.

ಕಡಲು ಬಿಟ್ಟು ನಮ್ಮ ಊರಿಗೇ ಬರೋಣ. ಕೈ ತೊಳೆಯುವದರ ಮೇಲೆ ಆಗ ಎಷ್ಟೊಂದು ನಗೆಬರಹಗಳು ಬಂದವು! ಬೆಳಗಾವಿಯಲ್ಲಿ ದಿನದ 24 ಗಂಟೆಯೂ ನಳದಲ್ಲಿ ನೀರು ಕೊಡುವ ಪ್ರಯೋಗ ಮೊದಲು ನಡೆದದ್ದು ಹತ್ತು ವಾರ್ಡುಗಳಲ್ಲಿ. ಉಳಿದ ಕಡೆ ನಳ ಬರುವ ದಿನವನ್ನು ಲೆಕ್ಕ ಹಾಕಿ ಕಾಯುವ ಮನೆಗಳು ಲಾಕ್‌ಡೌನಿನಲ್ಲಿಯೂ ಇದ್ದವು. ಅಂಥ ಮನೆಯಲ್ಲಿ ಇಪ್ಪತ್ತು ಸೆಕೆಂಡು ಕೈ ತೊಳೆಯುವದೆಂದರೆ ನಾಲ್ಕನೆಯ ದಿನದ ಕೊಡದಿಂದ ಸಾಲ ತಂದಂತೆ. ವಡಗಾವಿ, ಶಹಾಪುರಗಳ ನೇಕಾರರ ಮನೆಯಲ್ಲಿ ಮಗ್ಗವೂ ಮನೆಯೂ ಒಂದೇ ಸೂರಿನಡಿ. ಅಂಗಡಿ ಮುಚ್ಚಿ ನೂಲು ಬಾರದೆ ಮಗ್ಗ ನಿಂತರೆ ಮನೆಯ ಸದ್ದೇ ನಿಂತಂತೆ. ಪ್ರಬಂಧಕಾರ ಹೊಗಳಿದ ಮೌನ ಆ ಮನೆಯಲ್ಲಿ ಹಸಿವಿನ ಮುನ್ಸೂಚನೆಯಾಗಿತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಕೈಮಗ್ಗ ನೇಕಾರರಿಗೆ 2,000 ರೂಪಾಯಿ, ಕ್ಷೌರಿಕರಿಗೂ ಅಗಸರಿಗೂ 5,000 ರೂಪಾಯಿ ಸಾರಿತು. ಈ ಎರಡು ಅಂಕಿಗಳನ್ನು ಒಂದು ಮನೆಯ ತಿಂಗಳ ಖರ್ಚಿನ ಚೀಟಿಯ ಪಕ್ಕದಲ್ಲಿಟ್ಟು ಬರೆದಿದ್ದರೆ ಅದೇ ಒಂದು ಉತ್ತಮ ಪ್ರಬಂಧವಾಗುತ್ತಿತ್ತು.

ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಂತೂ ಕಾಲ ನಿಲ್ಲಲೇ ಇಲ್ಲ. ಏಪ್ರಿಲ್, ಮೇ ಎಂದರೆ ಅಲ್ಲಿ ಮಳೆಗಾಲದ ಸಿದ್ಧತೆಯ ತಿಂಗಳುಗಳು. ಕಣಕುಂಬಿಯ ಕಡೆ ಮಳೆ ಹಿಡಿದರೆ ಬಿಡುವದಿಲ್ಲ; ಅದಕ್ಕೆ ಮುಂಚೆ ಕಟ್ಟಿಗೆ ಒಟ್ಟಬೇಕು, ಸೂರು ಸರಿಮಾಡಬೇಕು, ಭತ್ತದ ಸಸಿಮಡಿಗೆ ನೆಲ ಹದಗೊಳಿಸಬೇಕು. ಸರಕಾರದ ಆಜ್ಞೆಗೆ ಗಾಡಿ ನಿಂತೀತು, ಮೋಡ ನಿಲ್ಲುವದಿಲ್ಲ. ಇತ್ತ ಕುಂಬಾರನಿಗೆ ಬೇಸಿಗೆಯೇ ಸುಗ್ಗಿ. ಗಡಿಗೆ ಸುಟ್ಟು ಸಾಲಾಗಿ ಇಟ್ಟಿದ್ದಾನೆ, ಸಂತೆ ಇಲ್ಲ. ಒಂದೇ ತಾಲೂಕಿನಲ್ಲಿ ಒಬ್ಬನಿಗೆ ಹೊತ್ತು ಸಾಲದು, ಇನ್ನೊಬ್ಬನಿಗೆ ಹೊತ್ತು ಹೋಗದು. ಕಾರಂತರ ಕೋಡಿಗೂ ಈ ಹಳ್ಳಿಗಳಿಗೂ ನಡುವೆ ಬಹಳ ದೂರವಿದೆ, ಮಾತು ಬೇರೆ, ಮಣ್ಣು ಬೇರೆ. ಆದರೆ ಪಾರೋತಿ, ಸರಸೋತಿಯರು ಇಲ್ಲಿಗೆ ಬಂದರೆ ಕೆಲಸದ ಗುರುತು ಹಿಡಿದಾರು.

ಲಲಿತ ಪ್ರಬಂಧದ ಮೇಲೆ ಕಾದಂಬರಿಯ ಹೊರೆ ಹೊರಿಸುವದು ಅನ್ಯಾಯವೆಂದು ಯಾರಾದರೂ ಹೇಳಬಹುದು. ಹಗುರಾಗಿರುವದು ಪ್ರಬಂಧದ ಹಕ್ಕು. ತೆರೆಯನ್ನು ನೋಡಿ ಸಂತೋಷಪಡಲು ಯಾರ ಅಪ್ಪಣೆಯೂ ಬೇಡ. ಒಪ್ಪಿದೆ. ಆದರೆ ಹಗುರವೆಂದರೆ ಬರಿದೆಂದಲ್ಲ. ಗೊರೂರರ 'ಹಳ್ಳಿಯ ಚಿತ್ರಗಳು' 1930ರಲ್ಲಿ ಬಂದ ಪುಸ್ತಕ. ಅದಕ್ಕಿಂತ ಹಗುರಾದ ಗದ್ಯ ಬೇಕೇ? ಆದರೂ ಅದರ ತುಂಬ ಜನ, ಜನರ ತುಂಬ ಕೆಲಸ. ಗೊರೂರರ ನಗೆ ಹುಟ್ಟುವದೇ ಜನ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದಾಗ. ಆದುದರಿಂದ ಕುಂದು ಪ್ರಕಾರದ್ದಲ್ಲ, ನೋಟದ್ದು.

ಇಂಥ ಮರೆವು ಬೆಳಗಾವಿಗೆ ಹೊಸದೂ ಅಲ್ಲ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಲ್ಲರಿಗೂ ಗೊತ್ತು. ಕರುಗಳ ಮೈಮೇಲೆ ಬೆಳೆಸಿದ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಕಾಲದಿಂದ ಬಂದ ಹೆಸರದು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಲಾಯಿತು. 'ಮುಕ್ತವಾಯಿತು' — ಇದೂ ಅದೇ ಜಾತಿಯ ಕ್ರಿಯಾಪದ. ಡಿಪೋದ ಹೆಸರು ಊರಿನ ಬಾಯಲ್ಲಿ ಉಳಿದಿದೆ. ಆ ಕರುಗಳಿಗೆ ಹುಲ್ಲು ನೀರು ಹಾಕಿದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಕೋವಿಡಿನ ಕಾಲಕ್ಕೂ ಹಾಗಾಗದಿರಲು ಇನ್ನೂ ಸಮಯವಿದೆ. ಆ 68 ದಿನಗಳನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಖರ್ಚಿನ ಚೀಟಿಗಳು ಕೆಲವು ಮನೆಗಳಲ್ಲಿ ಉಳಿದಿವೆ. ಯಾವ ದಿನ ನಳ ಬಂತು, ಯಾರ ಮನೆಯಿಂದ ಹಿಟ್ಟು ಕಡ ತಂದರು ಎಂಬುದು ಹೆಂಗಸರಿಗೆ ಬಾಯಿಪಾಠವಾಗಿದೆ. ಲೇಖಕರು ಅವರ ಹತ್ತಿರ ಕುಳಿತು ಕೇಳಲಿ. ಬರೆದದ್ದನ್ನು ಅಚ್ಚಿಗೆ ಕಳಿಸುವ ಮುಂಚೆ ಒಂದೇ ಒಂದು ಪರೀಕ್ಷೆ ಮಾಡಲಿ: 'ಆಯಿತು', 'ಬಂತು' ಎಂದು ಬರೆದ ಕಡೆಗಳಲ್ಲೆಲ್ಲ ಯಾರು ಮಾಡಿದರು, ಯಾರು ತಂದರು ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಉತ್ತರ ಸಿಕ್ಕ ಕಡೆ ಆ ಹೆಸರನ್ನು ಸೇರಿಸಲಿ. ಹಾಗೆ ಮಾಡಿದರೆ ಕಡಲಂಚಿನ ಮನೆ ಚಿಕ್ಕದಾಗುವದಿಲ್ಲ. ಅದರಲ್ಲಿ ಇನ್ನಷ್ಟು ಜನಕ್ಕೆ ಜಾಗವಾಗುತ್ತದೆ.